ಎಲ್ಲ ಹಕ್ಕಿಗಳೂ ಪರಭೃತಗಳೇ

ನಮ್ಮ ಕವಿಗಳು ಕೋಗಿಲೆಯನ್ನು ಕರೆದಿರುವ ಹೆಸರುಗಳಲ್ಲಿ ‘ಪರಭೃತ’ ಎಂಬುದೊಂದು. ಪರರಿಂದ ಪೋಷಿತವಾದದ್ದು ಎಂದು ಅದರ ಅರ್ಥ. ಕೋಗಿಲೆ ತಾನಾಗಿ ಗೂಡು ಕಟ್ಟುವುದಿಲ್ಲ. ಕಾಗೆಯ ಗೂಡಿನಲ್ಲಿ ಮೊಟ್ಟೆಯಿಟ್ಟು ಹೋಗುತ್ತದೆ. ಪಂಪನು ಬನವಾಸಿಯಲ್ಲಿ ದುಂಬಿಯಾಗಿಯೋ ಕೋಗಿಲೆಯಾಗಿಯೋ ಹುಟ್ಟಬೇಕೆಂದು ಹಂಬಲಿಸಿದನಷ್ಟೆ. ಕೋಗಿಲೆಯಾಗುವ ಆ ಹಂಬಲ ಕೈಗೂಡಬೇಕಾದರೆ ಬನವಾಸಿಯಲ್ಲಿ ಮೊದಲು ಕಾಗೆಯಿರಬೇಕು! ತರಗತಿಯಲ್ಲಿ ನಾನು ನಗೆಗಾಗಿ ಹೇಳುತ್ತಿದ್ದ ಈ ಮಾತು ಈಚೆಗೆ ಬರಿಯ ನಗೆಯ ಮಾತಾಗಿ ಉಳಿದಿಲ್ಲ.

ಭಾರತದ ಹಕ್ಕಿಗಳ ಸ್ಥಿತಿಗತಿಯನ್ನು ಕುರಿತು 2023ರಲ್ಲಿ ಹೊರಬಂದ ವರದಿ 942 ಜಾತಿಗಳನ್ನು ಪರಿಶೀಲಿಸಿ, ಅವುಗಳಲ್ಲಿ 178 ಜಾತಿಗಳ ರಕ್ಷಣೆಗೆ ಮೊದಲ ಗಮನ ಸಲ್ಲಬೇಕೆಂದು ಸಾರಿತು. ಎಲ್ಲಿಯಾದರೂ ಬದುಕಬಲ್ಲ ಹಕ್ಕಿಗಳು ಹೇಗೋ ನಿಭಾಯಿಸಿಕೊಳ್ಳುತ್ತಿವೆ. ಒಂದು ನೆಲೆಗೇ ಒಗ್ಗಿಕೊಂಡವು ಕುಗ್ಗುತ್ತಿವೆ. ಹಾಗಾದರೆ ಹಕ್ಕಿಯೊಂದರ ನೆಲೆಯನ್ನು ಗೊತ್ತುಮಾಡುವುದು ಯಾವುದು?

ಮೊದಲನೆಯದು ಹವೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ; ಅಲ್ಲಿಂದ ಮೂಡಲಿಗೆ ಒಂದು ದಿನದ ಪ್ರಯಾಣ ಮುಗಿಯುವ ಮೊದಲೇ ಕುರುಚಲು ಕಾಡು ಎದುರಾಗುತ್ತದೆ. ಮಳೆ ಕಾಡನ್ನು ವಿಂಗಡಿಸುತ್ತದೆ, ಕಾಡು ಹಕ್ಕಿಯನ್ನು ವಿಂಗಡಿಸುತ್ತದೆ. ದೊಡ್ಡ ಮಂಗಟ್ಟೆ ಘಟ್ಟದ ದಟ್ಟ ಕಾಡಿನದು. ಅದರ ಬಂಧುವಾದ ಬೂದು ಮಂಗಟ್ಟೆ ಬಯಲುಸೀಮೆಯ ಒಣ ನಾಡಿನಲ್ಲಿಯೂ ಬಾಳುತ್ತದೆ.

ಆದರೆ ಮಳೆಯೊಂದಿದ್ದರೆ ಸಾಲದು. ಮಂಗಟ್ಟೆಯ ಕೊಕ್ಕು ಎಷ್ಟು ದೊಡ್ಡದಾದರೂ ಮರವನ್ನು ಕೊರೆದು ಗೂಡು ಮಾಡಲಾರದು. ಮುದಿಮರದಲ್ಲಿ ತಾನಾಗಿ ಆದ ಪೊಟರೆಯೇ ಅದಕ್ಕೆ ಗತಿ. ಹೆಣ್ಣು ಒಳಗೆ ಕುಳಿತು ಬಾಯಿಯನ್ನು ಮುಚ್ಚಿಕೊಳ್ಳುತ್ತದೆ; ಗಂಡು ಸಣ್ಣ ಸೀಳಿನ ಮೂಲಕ ತಿಂಗಳುಗಟ್ಟಲೆ ಉಣಿಸಬೇಕು. ಆ ಉಣಿಸಿಗೆ ಆಲ, ಅತ್ತಿ, ಬಸರಿಗಳ ಬಳಗ ಬೇಕು. ಹಣ್ಣನ್ನು ಕೊಟ್ಟ ಮರದ ಬೀಜವನ್ನು ಹಕ್ಕಿ ದೂರಕ್ಕೆ ಒಯ್ದು ಬಿತ್ತುತ್ತದೆ. ಇಲ್ಲಿ ಸಾಕುವವರಾರು, ಸಾಕಿಸಿಕೊಳ್ಳುವವರಾರು?

ಇನ್ನು ಎತ್ತರದ ಮಾತು. ಬಾಬಾಬುಡನ್ ಗಿರಿಯ ಮೇಲೆ, ಹುಲ್ಲುಗಾವಲಿನ ನಡುವಣ ಕಣಿವೆಗಳಲ್ಲಿ ಶೋಲಾ ಕಾಡುಗಳಿವೆ. ಅವುಗಳ ನೆರಳಿನಲ್ಲಿ, ನೆಲದ ಸಮೀಪದಲ್ಲಿಯೇ ಸುಳಿದಾಡುವ ಪುಟ್ಟ ನೀಲಿ ಹಕ್ಕಿಯೊಂದುಂಟು. 2017ರಲ್ಲಿ ವಿಜ್ಞಾನಿಗಳು ಅದರ ಕುಲಕ್ಕೆ ‘ಶೋಲಿಕೋಲಾ’, ಎಂದರೆ ಶೋಲಾವಾಸಿ, ಎಂಬ ಹೊಸ ಹೆಸರನ್ನಿತ್ತರು. ಪಾಲಕ್ಕಾಡು ಕಣಿವೆಯ ದಕ್ಷಿಣಕ್ಕೆ ಈ ಜಾತಿಯಿಲ್ಲ, ಇದರ ದಾಯಾದಿಗಳಿವೆ. ನಮಗೆ ಸುಗಮವಾದ ದಾರಿಯಾದ ಆ ತಗ್ಗು ನೆಲ ತಂಪನ್ನು ನಂಬಿದ ಹಕ್ಕಿಗೆ ದಾಟಲಾಗದ ಸಮುದ್ರ. ನೆಲ ಕಾದಂತೆಲ್ಲ ತಂಪು ಮೇಲೇರುತ್ತದೆ; ಆದರೆ ಬೆಟ್ಟಕ್ಕೊಂದು ತುದಿಯಿದೆ. ಮುಳ್ಳಯ್ಯನಗಿರಿಯ ಎತ್ತರ 1,900 ಮೀಟರಿಗೆ ತುಸು ಮಿಕ್ಕಿದ್ದು. ಅದರಾಚೆಗೆ ಇರುವುದು ಬರಿಯ ಆಕಾಶ.

ಈ ಹಿನ್ನೆಲೆಯಲ್ಲಿ ನಮ್ಮ ಅರಣ್ಯನೀತಿಯನ್ನು ನೋಡಿದರೆ ಸಂಕೋಚವಾಗುತ್ತದೆ. ಒಂದೆಡೆ ಕಾಡನ್ನು ಬಿಟ್ಟುಕೊಟ್ಟು ಮತ್ತೊಂದೆಡೆ ಸಸಿ ನೆಡುವ ಪರಿಹಾರಕ್ಕೆ 2016ರಲ್ಲಿ ಒಂದು ನಿಧಿಯ ಕಾನೂನೇ ಬಂದಿದೆ. ಗಿಡ ನೆಡುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ಮಲೆನಾಡಿನ ಗುಡ್ಡಗಳ ಮೇಲೆ ಸಾಲುಹಿಡಿದು ನಿಂತ ಅಕೇಶಿಯಾದಲ್ಲಿ ಮಂಗಟ್ಟೆಗೆ ಪೊಟರೆಯೆಲ್ಲಿ, ಹಣ್ಣೆಲ್ಲಿ? ಲೆಕ್ಕದ ಪುಸ್ತಕದಲ್ಲಿ ಮರಕ್ಕೆ ಮರ ಸರಿಹೋಗಬಹುದು. ನೂರಾರು ವರ್ಷಗಳಲ್ಲಿ ಬೆಳೆದ ನಂಟು ಸರಿಹೋಗುವುದಿಲ್ಲ.

ಕೋಗಿಲೆಯನ್ನು ನಾವು ಪರಭೃತವೆಂದು ಕೊಂಚ ಹಗುರವಾಗಿ ಕಂಡಿದ್ದೇವೆ. ನಿಜಕ್ಕೂ ಪರರ ಪೋಷಣೆಯಿಲ್ಲದೆ ಬದುಕುವ ಹಕ್ಕಿ ಕಾಡಿನಲ್ಲಿ ಒಂದೂ ಇಲ್ಲ. ಇನ್ನು ಮುಂದೆ ಆ ಪದ್ಯವನ್ನು ಪಾಠ ಹೇಳುವಾಗ ಕಾಗೆಯ ಮಾತನ್ನು ನಾನು ನಗೆಗಾಗಿ ಆಡಲಾರೆ. ಕೋಗಿಲೆಯ ದನಿಯನ್ನು ಬೇಡುವವರು ಕಾಗೆಯ ಗೂಡನ್ನೂ ಉಳಿಸಿಕೊಳ್ಳಬೇಕು.