ಅಡಿಗೆಯವರ ಊಟಕ್ಕೂ ಒಂದು ಹೊತ್ತಿರಲಿ

ಮದುವೆ ಮನೆಯಲ್ಲಿ ಶುಗರ್ ಇರುವ ಅತಿಥಿಗಳಿಗೆಂದು ಸಕ್ಕರೆ ಹಾಕದ ಪಾಯಸ ಮಾಡಿಸುವವರು ಚೆನ್ನೈನಲ್ಲಿ ಹೆಚ್ಚುತ್ತಿದ್ದಾರೆ. ಸಂತೋಷ. ಆದರೆ ಆ ಪಾಯಸ ಕಾಯಿಸುವ ಭಟ್ಟರಿಗೇ ಶುಗರ್ ಇದ್ದರೆ? ಈ ಪ್ರಶ್ನೆಯನ್ನು ಸದಸ್ಯ ಬಂಧುಗಳ ಮುಂದಿಡಲು ಇಚ್ಛಿಸುತ್ತೇವೆ.

ನಮ್ಮ ಊರಿನದೇ ಆದ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೊಡನೆ ನಡೆಸಿ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ ದೇಶದ ವಯಸ್ಕರಲ್ಲಿ ನೂರಕ್ಕೆ 11 ಮಂದಿಗೆ ಈ ಕಾಯಿಲೆ ಇದೆ. ಇಪ್ಪತ್ತು ಜನರ ತಂಡದಲ್ಲಿ ಇಬ್ಬರಾದರೂ ಇರಬಹುದೆಂದು ಎಣಿಸುವುದು ಜಾಣತನ.

ಮೊದಲನೆಯದು ಊಟದ ಹೊತ್ತು. ಮುಹೂರ್ತದ ದಿನ ನಸುಕಿಗೇ ಒಲೆ ಹಚ್ಚಿದವರು ಕೊನೆಯ ಪಂಕ್ತಿ ಎದ್ದ ಮೇಲೆ ಎಲೆ ಹಾಕಿಕೊಳ್ಳುವುದು ರೂಢಿ. ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಂಡು ಊಟ ತಡವಾದರೆ ಸಕ್ಕರೆ ಅಂಶ ತಟ್ಟನೆ ಇಳಿಯುತ್ತದೆ. ಬೆವರು, ನಡುಕ, ತಲೆ ಮಂಕಾಗುವುದು ಇದರ ಲಕ್ಷಣ. ಒಲೆಯ ಮುಂದೆ ಬೆವರಿದರೆ ಯಾರಿಗೂ ಅನುಮಾನ ಬಾರದು. ಅಪಾಯ ಇರುವುದೇ ಅಲ್ಲಿ. ಕೂಡಲೇ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಬೇಕು. 15 ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ ಕೊಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಬೇಕು.

ಎರಡನೆಯದು ಪಾದ. ಕಾಯಿಲೆ ಹಳತಾದರೆ ಪಾದದ ಸ್ಪರ್ಶ ಕುಂದುತ್ತದೆ. ಬಿಸಿ ಎಣ್ಣೆ ಸಿಡಿದರೂ, ಕಾಯಿ ಚಿಪ್ಪು ಚುಚ್ಚಿದರೂ ತಿಳಿಯುವುದಿಲ್ಲ. ಒದ್ದೆ ನೆಲದಲ್ಲಿ ಬರಿಗಾಲಲ್ಲೇ ದಿನ ಕಳೆದರೆ ಸಣ್ಣ ಗಾಯ ಹುಣ್ಣಾಗಿ, ಬೆರಳೋ ಕಾಲೋ ಕತ್ತರಿಸುವವರೆಗೆ ಹೋಗಬಹುದು. ಅಡಿಗೆಮನೆಗೆಂದೇ ತೊಳೆದಿಟ್ಟ, ಮುಂಭಾಗ ಮುಚ್ಚಿದ, ಜಾರದ ರಬ್ಬರ್ ಪಾದರಕ್ಷೆ ಕೊಡಿಸೋಣ. ಮಡಿಗೆ ಅಡ್ಡಿ ಎನ್ನುವವರಿಗೆ ಒಂದು ಮಾತು: ಯತಿಗಳೂ ಹಾವುಗೆ ಮೆಟ್ಟುತ್ತಾರಲ್ಲವೇ?

ಮೂರನೆಯದು ತಪಾಸಣೆ. ಕಣ್ಣು, ಮೂತ್ರಪಿಂಡ ಕೆಡುವುದು ಮೊದಲಿಗೆ ಸದ್ದಿಲ್ಲದೆ. ಆದ್ದರಿಂದ ವರ್ಷಕ್ಕೊಮ್ಮೆ ಕಣ್ಣು, ಮೂತ್ರ, ಪಾದಗಳ ಪರೀಕ್ಷೆ ಆಗಬೇಕು. ಮದುವೆಗಳಿಲ್ಲದ ಆಡಿ ತಿಂಗಳು ಇದಕ್ಕೆ ತಕ್ಕ ಸಮಯ. ಪ್ರೊ. ಎಂ. ವಿಶ್ವನಾಥನ್ ಅವರು 1954ರಲ್ಲಿ ಆರಂಭಿಸಿದ ಮಧುಮೇಹ ಆಸ್ಪತ್ರೆ ರಾಯಪುರಂನಲ್ಲಿದೆ. ಸೆಂಟ್ರಲ್ ಎದುರಿನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲೂ ಮಧುಮೇಹ ವಿಭಾಗವಿದೆ.

ಖರ್ಚಿನ ಮಾತು ಬರುತ್ತದೆ. ನುರಿತ ಭಟ್ಟರೊಬ್ಬರು ಮುಹೂರ್ತದ ದಿನ ಮಲಗಿದರೆ ಆಗುವ ನಷ್ಟದ ಮುಂದೆ ಇದು ಏನೂ ಅಲ್ಲ. ಕಾಯಿಲೆ ಹೇಳಿಕೊಂಡರೆ ಕೆಲಸ ಹೋದೀತೆಂಬ ಅಂಜಿಕೆಯನ್ನು ಮಾಲೀಕರೇ ಬಿಡಿಸಬೇಕು. ಮೊದಲ ಪಂಕ್ತಿಗೆ ಎಲೆ ಹಾಕುವ ಮುನ್ನ ಅಡಿಗೆಯವರ ತಿಂಡಿ-ಊಟ ಮುಗಿದಿರಲಿ. ಇದನ್ನು ಸಂಘದ ನಿಯಮವಾಗಿಸಬೇಕೆಂಬುದು ನಮ್ಮ ಅಭಿಪ್ರಾಯ.