ಕಾಗದ ನಮ್ಮದು, ಕಣ್ಣೂ ನಮ್ಮದಿರಲಿ

ಸರ್ಕಾರದಿಂದಲೋ ಸಾಲ ಕೊಟ್ಟವರಿಂದಲೋ ಒಂದು ಕಾಗದ ಬಂತೆಂದರೆ ದುಡಿಯುವವನ ಎದೆ ಹೊಡೆದುಕೊಳ್ಳುತ್ತದೆ. ಅದನ್ನು ಹಿಡಿದು ಅವನು ಹೋಗುತ್ತಿದ್ದುದು ಊರಿನ ಮೇಷ್ಟರ ಬಳಿಗೆ, ಇಲ್ಲವೇ ತಾಲ್ಲೂಕು ಕಚೇರಿಯ ಮುಂದೆ ಕುಳಿತ ಅರ್ಜಿ ಬರೆಯುವವರ ಬಳಿಗೆ. ನಾವೂ ಮೇಷ್ಟರಾಗಿದ್ದವರೇ; ಮಾಗಡಿ ಸೀಮೆಯಲ್ಲಿ ಇಂಥ ಎಷ್ಟೋ ಕಾಗದ ಓದಿ ಹೇಳಿದ್ದೇವೆ. ಈಗ ರಾಮನಗರದ ನೂಲು ಬಿಚ್ಚುವ ಕಾರ್ಮಿಕನೂ ಚನ್ನಪಟ್ಟಣದ ಬೊಂಬೆ ಅಂಗಡಿಯವನೂ ಕಾಗದದ ಫೋಟೋ ತೆಗೆದು, ಫೋನಿನಲ್ಲಿರುವ ಕೃತಕ ಬುದ್ಧಿಮತ್ತೆಯ ಸಹಾಯಕನಿಗೆ ಕಳಿಸಿ, "ಇದರಲ್ಲಿ ಏನಿದೆ?" ಎಂದು ಕನ್ನಡದಲ್ಲೇ ಕೇಳುತ್ತಾರೆ. ಅರೆಗಳಿಗೆಯಲ್ಲಿ ಉತ್ತರ ಬರುತ್ತದೆ. ಕೇಳಿದರೆ ಅರ್ಜಿಯೂ ಸಿದ್ಧವಾಗಿ ಬರುತ್ತದೆ.

ಇದನ್ನು ಕಂಡು ನಾವು ಮುಖ ಸಿಂಡರಿಸುವುದಿಲ್ಲ. ಓದಿದವನ ಬಾಗಿಲಲ್ಲಿ ಓದದವನು ಕೈಕಟ್ಟಿ ನಿಲ್ಲುವುದು ತಪ್ಪಿದರೆ ಒಳ್ಳೆಯದೇ. ಇಂಗ್ಲಿಷಿನ ನೋಟೀಸು ತೋರಿಸಿ ಹೆದರಿಸುವವರ ಆಟವೂ ಅಷ್ಟರ ಮಟ್ಟಿಗೆ ನಿಂತೀತು. ಆದರೆ ಮೂರು ಮಾತು ಹೇಳದೆ ಇರಲಾರೆವು.

ಮೊದಲನೆಯದು: ಯಂತ್ರ ತಪ್ಪುತ್ತದೆ, ತಪ್ಪುವಾಗ ತಡವರಿಸುವುದೂ ಇಲ್ಲ. ಕೆಲವು ತಿಂಗಳ ಕೆಳಗೆ ಕನಕಪುರದ ಕಡೆಯ ಸಣ್ಣ ವ್ಯಾಪಾರಿಯೊಬ್ಬರು ಸಾಲದ ನೋಟೀಸನ್ನು ಹೀಗೆ ಕಳಿಸಿದ್ದರು. ಕೈಬರಹದಲ್ಲಿ '೬ ದಿನದೊಳಗೆ' ಎಂದಿದ್ದುದನ್ನು ಯಂತ್ರ '೯' ಎಂದು ಓದಿತು. ಅವರು ನಿಶ್ಚಿಂತೆಯಿಂದ ಇದ್ದುಬಿಟ್ಟರು. ಐದನೆಯ ದಿನ ನಮ್ಮ ಕಚೇರಿಗೆ ಬಂದವರು ಮಾತಿನ ನಡುವೆ ಕಾಗದ ತೋರಿಸಿದ್ದರಿಂದ ಉಳಿದುಕೊಂಡರು. ಯಂತ್ರ ಬರೆದ ಅರ್ಜಿ ಮಾತ್ರ ಚೆನ್ನಾಗಿಯೇ ಇತ್ತು; ತಾರೀಖು ತಿದ್ದಿ ಅದನ್ನೇ ಕಳಿಸಿದೆವು. ಯಂತ್ರದ ತಪ್ಪಿಗೆ ದಂಡ ತೆರುವುದು ಯಂತ್ರವಲ್ಲ, ನಾವು.

ಎರಡನೆಯದು: ಕಳಿಸಿದ ಕಾಗದ ಎಲ್ಲಿಗೆ ಹೋಯಿತು? ಕೂಲಿ ಚೀಟಿ, ಅಂಗಡಿಯ ಲೆಕ್ಕ, ಆಧಾರ್ ಕಾರ್ಡು ಎಲ್ಲವೂ ದೂರದ ಕಂಪನಿಯ ಕಂಪ್ಯೂಟರಿಗೆ ಹೋಗುತ್ತವೆ. ನಮ್ಮ ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು 2023ರಲ್ಲಿ ಕಾಯ್ದೆ ಆಯಿತು. ಅದರ ನಿಯಮಗಳು ಹೊರಬಂದುದು 2025ರ ನವೆಂಬರ್‌ನಲ್ಲಿ. ಕಂಪನಿಗಳ ಮೇಲಿನ ಮುಖ್ಯ ಹೊಣೆಗಳು ಜಾರಿಗೆ ಬರಲು ಮತ್ತೆ 18 ತಿಂಗಳ ಗಡುವು. ಸಾಲಗಾರನಿಗೆ 6 ದಿನ, ಕಂಪನಿಗೆ 18 ತಿಂಗಳು! ಆದ್ದರಿಂದ ಫೋಟೋ ತೆಗೆಯುವ ಮೊದಲು ಹೆಸರು, ಆಧಾರ್ ನಂಬರು, ಬ್ಯಾಂಕಿನ ಖಾತೆ ನಂಬರುಗಳ ಮೇಲೆ ಒಂದು ಚೂರು ಕಾಗದ ಇಟ್ಟು ಮುಚ್ಚಿರಿ. ವಿಷಯ ತಿಳಿಯಲು ಅವು ಬೇಕಿಲ್ಲ.

ಮೂರನೆಯದು ಒಡೆತನದ ಮಾತು. ವಾಟ್ಸಾಪಿನಲ್ಲೇ ಚಾಟ್ ಜಿಪಿಟಿಯ ಜತೆ ಮಾತನಾಡುವ ಅನುಕೂಲ 2024ರ ಡಿಸೆಂಬರ್‌ನಲ್ಲಿ ಬಂತು. ವಾಟ್ಸಾಪಿನ ಒಡೆಯರಾದ ಮೆಟಾ ಕಂಪನಿಯವರು ನಿಯಮ ಬದಲಿಸಿದರು. 2026ರ ಜನವರಿ 15ಕ್ಕೆ ಆ ಅನುಕೂಲ ಮುಗಿಯುವುದೆಂದು ಸಾರಲಾಯಿತು. ಮೆಟಾದ ಸ್ವಂತ ಯಂತ್ರಕ್ಕೆ ಮಾತ್ರ ಬಾಗಿಲು ತೆರೆದೇ ಇತ್ತು. ಸಂತೆಯ ಜಾಗ ಒಬ್ಬನದಾದರೆ ಯಾರು ಅಂಗಡಿ ಹಾಕಬೇಕೆಂಬುದೂ ಅವನ ಇಷ್ಟ. ಇದು ನಮ್ಮ ವ್ಯಾಪಾರಿಗಳಿಗೆ ಹೇಳಿಕೊಡಬೇಕಾದ ಪಾಠವಲ್ಲ.

ಯಂತ್ರಕ್ಕೆ ಕನ್ನಡ ಕಲಿಸಿದವರಾದರೂ ಯಾರು? ಕನ್ನಡ ಬರೆದವರು, ಆಡಿದವರು. ಬೆಂಗಳೂರಿನ 'ಕಾರ್ಯ' ಸಂಸ್ಥೆಗಾಗಿ ಚಾಮರಾಜನಗರ ಜಿಲ್ಲೆಯ ಹಳ್ಳಿಗರು ಫೋನಿನಲ್ಲಿ ಕನ್ನಡ ವಾಕ್ಯಗಳನ್ನು ಓದಿ ದನಿ ಕೊಟ್ಟದ್ದು 2023ರಲ್ಲಿ ಸುದ್ದಿಯಾಯಿತು. ಅವರಿಗೆ ಗಂಟೆಗೆ ಸುಮಾರು 5 ಡಾಲರು ಸಿಕ್ಕಿತು, ಅದು ನ್ಯಾಯ. ಉಳಿದ ಕನ್ನಡಿಗರ ಮಾತನ್ನು ಕಂಪನಿಗಳು ಪುಕ್ಕಟೆಯಾಗಿಯೇ ತೆಗೆದುಕೊಂಡಿವೆ.

ಹಾಗಾದರೆ ಮಾಡಬೇಕಾದುದೇನು? 2023ರಲ್ಲಿ ಹರಿಯಾಣದ ಬಿವಾನ್ ಹಳ್ಳಿಯಲ್ಲಿ 'ಜುಗಲ್‌ಬಂದಿ' ಎಂಬ ಸಹಾಯಕನನ್ನು ಪ್ರಯೋಗಿಸಿದರು. ಸರ್ಕಾರದ ಯೋಜನೆಗಳನ್ನು ಹಳ್ಳಿಗರಿಗೆ ಅವರ ಭಾಷೆಯಲ್ಲೇ ತಿಳಿಸುವುದು ಅದರ ಕೆಲಸ. ಮದರಾಸಿನ ಐಐಟಿಯ ವಿದ್ವಾಂಸರ ದುಡಿಮೆ ಅದರಲ್ಲಿತ್ತು, ಮೈಕ್ರೋಸಾಫ್ಟ್ ಕಂಪನಿಯ ಕೈಯೂ ಇತ್ತು. ಕಂಪನಿಯ ಹಂಗಿಲ್ಲದೆ, ಜನರ ಹಣದಲ್ಲಿ, ಜನರಿಗೆ ಲೆಕ್ಕ ಒಪ್ಪಿಸುವಂಥ ಒಂದು ಕನ್ನಡದ ಸಹಾಯಕ ನಮ್ಮ ರಾಮನಗರದ ಗೂಡಿನ ಮಾರುಕಟ್ಟೆಯಲ್ಲೂ ತಾಲ್ಲೂಕು ಕಚೇರಿಗಳಲ್ಲೂ ದೊರೆಯಬೇಕು. ಇದು ನಮ್ಮ ಹಕ್ಕೊತ್ತಾಯ.

ಅದು ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಪ್ರತಿ ಸಂಘದ ಕಚೇರಿಯಲ್ಲೂ ವಾರಕ್ಕೊಂದು ಸಂಜೆ ಕಾಗದಗಳ ಓದು ನಡೆಯಲಿ. ಯಂತ್ರ ಹೇಳಿದ್ದನ್ನು ಕಾಗದದ ಎದುರಿಗಿಟ್ಟು, ಅಕ್ಷರ ಬಲ್ಲ ಇಬ್ಬರು ಕೂಡಿ ನೋಡಲಿ. ಬರೆಯುವ ಕೆಲಸವನ್ನು ಯಂತ್ರ ಹಗುರಮಾಡಲಿ, ಬೇಡವೆನ್ನುವುದಿಲ್ಲ. ಸಹಿ ಹಾಕುವ ಕೈ ನಮ್ಮದಾದ ಮೇಲೆ ಓದಿ ನೋಡುವ ಕಣ್ಣೂ ನಮ್ಮದೇ ಇರಬೇಕು.