ಗುಂಡನ ಶುಗರ್ ಇಳಿದರೆ ಏನು ಮಾಡೋದು?

ಬೆಕ್ಕಿಗೆ ಶುಗರ್ ಇದೆ ಅಂದ್ರೆ ನಮ್ಮ ಕಡೆ ಜನ ಮೊದಲು ನಗ್ತಾರೆ. ಆಮೇಲೆ ದಿನಕ್ಕೆ ಎರಡು ಸಲ ಇನ್ಸುಲಿನ್ ಚುಚ್ಚಬೇಕು ಅಂದಾಗ, "ಎಮ್ಮೆಗಾದ್ರೆ ಸರಿ, ಬೆಕ್ಕಿಗೆ ಯಾರಾದ್ರೂ ಇಂಜೆಕ್ಷನ್ ಮಾಡಿಸ್ತಾರಾ?" ಅಂತಾರೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೋಟದ ಮನೆ ನೋಡಿದವರಿಗೆ ನನ್ನ ಉತ್ತರ ಸುಲಭ. ಉಂಡೆ ಕೊಬ್ಬರಿ ಆಗಬೇಕಾದ್ರೆ ಕಾಯಿ ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಕೂತಿರಬೇಕು. ಅಷ್ಟು ದಿನ ಇಲಿ, ಹೆಗ್ಗಣದಿಂದ ಅದನ್ನ ಕಾಯೋರು ಯಾರು? ನಾವಂತೂ ಅಲ್ಲ.

ನಮ್ಮನೆ ಗುಂಡನಿಗೆ ಹನ್ನೊಂದು ವರ್ಷ. ಎರಡು ವರ್ಷದ ಹಿಂದೆ ಸಿಕ್ಕಾಪಟ್ಟೆ ನೀರು ಕುಡಿಯೋಕೆ ಶುರು ಮಾಡ್ದ, ತಿಂದರೂ ಸೊರಗ್ತಾ ಹೋದ. ಪರೀಕ್ಷೆ ಮಾಡಿಸಿದಾಗ ಸಕ್ಕರೆ ಕಾಯಿಲೆ ಅಂತ ಗೊತ್ತಾಯ್ತು. ನಾನು ಬೆಂಗಳೂರಲ್ಲಿ ಕೆಲಸ ಮಾಡ್ತೀನಿ, ಗುಂಡ ಊರಲ್ಲಿ ಅಪ್ಪ ಅಮ್ಮನ ಜೊತೆ ಇರ್ತಾನೆ. ನಿಮ್ಮಲ್ಲಿ ಎಷ್ಟೋ ಜನರ ಕಥೆಯೂ ಇದೇ ಇರಬಹುದು. ಸಾಕಿದ ಪ್ರಾಣಿ ಊರಲ್ಲಿ, ನಾವು ಫೋನಲ್ಲಿ.

ಶುಗರ್ ಜಾಸ್ತಿ ಆದರೆ ಏನಾಗುತ್ತೆ ಅಂತ ಎಲ್ಲರೂ ಹೇಳ್ತಾರೆ. ಮನೆಯಲ್ಲಿ ಇನ್ಸುಲಿನ್ ಕೊಡೋರು ಅದಕ್ಕಿಂತ ಮೊದಲು ಕಲಿಯಬೇಕಾದ್ದು ಕಡಿಮೆ ಆದರೆ ಏನು ಮಾಡೋದು ಅನ್ನೋದು. ಒಂದು ದಿನ ಸಕ್ಕರೆ ಏರಿದ್ರೆ ಸಾಮಾನ್ಯವಾಗಿ ಬೆಕ್ಕು ತಡ್ಕೊಳ್ಳುತ್ತೆ. ಇಳಿದರೆ ಕೆಲವೇ ಗಂಟೆಯಲ್ಲಿ ಜೀವ ಹೋಗಬಹುದು. ಮಿದುಳಿಗೆ ಗ್ಲೂಕೋಸ್ ಬಿಟ್ಟು ಬೇರೆ ಇಂಧನ ಸಾಲೋದಿಲ್ಲ, ಅದಕ್ಕೇ.

ಇದು ಇನ್ಸುಲಿನ್ ಕಂಡುಹಿಡಿದ ದಿನದಿಂದಲೂ ಗೊತ್ತಿರೋ ವಿಷಯ. 1921–22ರ ಚಳಿಗಾಲದಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಜೊತೆ ಸೇರಿಕೊಂಡ ಜೇಮ್ಸ್ ಕಾಲಿಪ್ ಅನ್ನೋ ವಿಜ್ಞಾನಿ ಹೊಸ ಔಷಧಿಯನ್ನ ಮೊಲಗಳ ಮೇಲೆ ಪರೀಕ್ಷೆ ಮಾಡ್ತಿದ್ರು. ಪ್ರಮಾಣ ಜಾಸ್ತಿಯಾದ ಮೊಲಗಳಿಗೆ ಫಿಟ್ಸ್ ಬಂತು, ಗ್ಲೂಕೋಸ್ ಕೊಟ್ಟ ತಕ್ಷಣ ಎದ್ದು ಕೂತವು. ಮೊದಮೊದಲು ಇನ್ಸುಲಿನ್ನಿನ 'ಯೂನಿಟ್' ಲೆಕ್ಕ ಹಾಕಿದ್ದೂ ಮೊಲಕ್ಕೆ ಫಿಟ್ಸ್ ಬರುವಷ್ಟು ಸಕ್ಕರೆ ಇಳಿಸೋಕೆ ಎಷ್ಟು ಬೇಕು ಅನ್ನೋದರ ಮೇಲೆ. ಅಂದ್ರೆ ಸಿರಿಂಜಿನ ಮೇಲಿರೋ ಪ್ರತಿ ಗೆರೆಯ ಹಿಂದೆ ಈ ಅಪಾಯದ ಲೆಕ್ಕ ಇದೆ.

ಸಕ್ಕರೆ ಯಾಕೆ ಇಳಿಯುತ್ತೆ?

ಮೊದಲನೇ ಕಾರಣ ಊಟ. ಚುಚ್ಚಿದ ಮೇಲೆ ಬೆಕ್ಕು ತಿನ್ನದೇ ಹೋದ್ರೆ, ತಿಂದಿದ್ದನ್ನ ಕಕ್ಕಿದ್ರೆ ಇನ್ಸುಲಿನ್ ಮಾತ್ರ ಕೆಲಸ ಮಾಡ್ತಾ ಇರುತ್ತೆ. ಅದಕ್ಕೇ ಮೊದಲು ಊಟ, ತಿಂದದ್ದು ನೋಡಿ ಆಮೇಲೆ ಸೂಜಿ.

ಎರಡನೇದು ಊಟದ ಬದಲಾವಣೆ. ನಮ್ಮ ಕಡೆ ಬೆಕ್ಕಿಗೆ ಅಂದ್ರೆ ಹಾಲನ್ನ. ಬೆಕ್ಕು ಮಾಂಸ ತಿನ್ನೋಕೆ ಹುಟ್ಟಿದ ಪ್ರಾಣಿ, ಅನ್ನದ ಪಿಷ್ಟ ಅದರ ಸಕ್ಕರೆಯನ್ನ ಏರಿಸುತ್ತೆ. ಡಾಕ್ಟ್ರು ಅನ್ನ ಬಿಡಿಸಿ ಮಾಂಸದ ಪೌಚ್ ಕೊಡಿ ಅಂದ್ರು. ನಮ್ಮದು ಮೊಟ್ಟೆ ಕೂಡ ತರದ ಮನೆ. ಅಮ್ಮ ಎರಡು ದಿನ ಯೋಚನೆ ಮಾಡಿ, "ಹಿತ್ತಲ ಕಟ್ಟೆ ಮೇಲೆ ಹಾಕ್ತೀನಿ, ಅವನ ಪಾಡು ಅವನಿಗೆ" ಅಂದ್ರು. ಇಲ್ಲಿ ಎಚ್ಚರ ಬೇಕು. ಅನ್ನ ಬಿಟ್ಟು ಮಾಂಸಕ್ಕೆ ಬಂದ ಬೆಕ್ಕಿಗೆ ಇನ್ಸುಲಿನ್ ಕಡಿಮೆ ಸಾಕಾಗುತ್ತೆ. ಹಳೇ ಡೋಸ್ ಹಾಗೇ ಮುಂದುವರಿಸಿದ್ರೆ ಸಕ್ಕರೆ ದಬಕ್ಕಂತ ಬೀಳುತ್ತೆ. ಊಟ ಬದಲಾಯಿಸೋ ವಾರ ಡಾಕ್ಟರಿಗೆ ಹೇಳಿಯೇ ಬದಲಾಯಿಸಿ.

ಮೂರನೇದು ಖುಷಿಯ ವಿಷಯವೇ, ಆದರೆ ಅದರಲ್ಲೂ ಅಪಾಯ ಇದೆ. ಮನುಷ್ಯರಿಗಿಂತ ಬೆಕ್ಕುಗಳ ಅದೃಷ್ಟ ಚೆನ್ನಾಗಿದೆ. ಸರಿಯಾದ ಚಿಕಿತ್ಸೆ, ಊಟ ಸಿಕ್ಕರೆ ಕೆಲವು ಬೆಕ್ಕುಗಳಿಗೆ ಇನ್ಸುಲಿನ್ನೇ ಬೇಡವಾಗುತ್ತೆ. ಆ ಸುದ್ದಿ ನಮಗೆ ಮೊದಲು ತಲುಪೋದು ಎಷ್ಟೋ ಸಲ ಲೋ ಶುಗರ್ ರೂಪದಲ್ಲೇ.

ನಾಲ್ಕನೇದು ಸಿರಿಂಜು. ಇದನ್ನ ದಯವಿಟ್ಟು ಎರಡು ಸಲ ಓದಿ. ನಮ್ಮ ದೇಶದಲ್ಲಿ ಮನುಷ್ಯರ ಇನ್ಸುಲಿನ್ ಬಾಟ್ಲಿ ಹೆಚ್ಚಾಗಿ 40 ಯೂನಿಟ್‌ನದು, ಅದರ ಸಿರಿಂಜಿಗೆ ಕೆಂಪು ಮುಚ್ಚಳ. ಬೆಕ್ಕಿಗೆ ಹೆಚ್ಚಾಗಿ ಬರೆದುಕೊಡೋ ಗ್ಲಾರ್ಜಿನ್ ಸಾಮಾನ್ಯವಾಗಿ 100 ಯೂನಿಟ್‌ನದು, ಅದರ ಸಿರಿಂಜಿಗೆ ಕಿತ್ತಳೆ ಮುಚ್ಚಳ. 100ರ ಇನ್ಸುಲಿನ್ನನ್ನ 40ರ ಕೆಂಪು ಸಿರಿಂಜಲ್ಲಿ ಒಂದು ಯೂನಿಟ್ ಗೆರೆ ತನಕ ಎಳೆದ್ರೆ ಬೆಕ್ಕಿಗೆ ಹೋಗೋದು ಎರಡೂವರೆ ಯೂನಿಟ್. ನಾಲ್ಕು ಕೆಜಿ ಜೀವಕ್ಕೆ ಅದು ಬಹಳ. ಬಾಟ್ಲಿ ಮೇಲಿನ ಅಂಕಿ, ಸಿರಿಂಜಿನ ಮೇಲಿನ ಅಂಕಿ ಎರಡೂ ಒಂದೇ ಇರಬೇಕು. ನಮ್ಮಪ್ಪನಿಗೂ ಶುಗರ್ ಇರೋದ್ರಿಂದ ಫ್ರಿಜ್ಜಲ್ಲಿ ಎರಡೂ ಬಾಟ್ಲಿ ಇವೆ. ಅಪ್ಪನದು ಮೇಲಿನ ತಟ್ಟೆಯಲ್ಲಿ, ಗುಂಡನದು ಕೆಳಗೆ ಸ್ಟೀಲ್ ಡಬ್ಬಿಯಲ್ಲಿ, ಡಬ್ಬಿ ಮೇಲೆ ದೊಡ್ಡದಾಗಿ ಹೆಸರು. ಸಿರಿಂಜೂ ಅದರೊಳಗೇ.

ಇನ್ನೊಂದು ಪುಟ್ಟ ಕಾರಣ ಹೊಸ ಬಾಟ್ಲಿ. ಹಳೇದು ಬಿಸಿಲಿಗೋ ಫ್ರೀಜರಿನ ಹಿಮಕ್ಕೋ ಸಿಕ್ಕಿ ಶಕ್ತಿ ಕಳ್ಕೊಂಡಿದ್ರೆ ಡೋಸ್ ಏರಿಸಿರ್ತೀವಿ. ಹೊಸದು ತಂದು ಅದೇ ಡೋಸ್ ಕೊಟ್ಟ ದಿನ ಸಕ್ಕರೆ ಬೀಳಬಹುದು. ಬಾಟ್ಲಿ ಬದಲಾದ ದಿನ ಕಣ್ಣಿಟ್ಟಿರಿ.

ಗೊತ್ತಾಗೋದು ಹೇಗೆ?

ಬೆಕ್ಕು ಕಾಯಿಲೆ ಮುಚ್ಚಿಡೋ ಪ್ರಾಣಿ. ಶುರುವಲ್ಲಿ ವಿಪರೀತ ಹಸಿವು, ಒಂಥರಾ ಕೂಗು, ಸುಮ್ಮನೆ ದಿಟ್ಟಿಸೋದು. ಆಮೇಲೆ ಕುಡಿದವರ ಹಾಗೆ ನಡಿಗೆ, ಹಿಂಗಾಲು ಸೋಲೋದು, ನಡುಕ. ಕೊನೆಗೆ ಫಿಟ್ಸ್, ಪ್ರಜ್ಞೆ ತಪ್ಪೋದು. ಕೆಲವು ಬೆಕ್ಕು ಏನೂ ತೋರಿಸದೆ ಮೂಲೆ ಸೇರಿಕೊಳ್ಳುತ್ತೆ. ಕೊಬ್ಬರಿ ಅಟ್ಟ ಇರೋ ಮನೆಯಲ್ಲಿ ಮೂಲೆಗೇನು ಬರ? ಸಾವಿರಾರು ಕಾಯಿ ಮಧ್ಯೆ ಕತ್ತಲಲ್ಲಿ ಬೆಕ್ಕನ್ನ ಹುಡುಕೋಕಾಗಲ್ಲ. ಚುಚ್ಚಿದ ನಾಲ್ಕರಿಂದ ಎಂಟು ಗಂಟೆ ನಡುವೆ ಸಕ್ಕರೆ ಅತಿ ಕೆಳಗೆ ಇಳಿಯೋದು ಸಾಮಾನ್ಯ, ಬೆಕ್ಕಿಂದ ಬೆಕ್ಕಿಗೆ ಸ್ವಲ್ಪ ಹೆಚ್ಚು ಕಮ್ಮಿ. ಸಂಜೆ ಚುಚ್ಚಿದ್ರೆ ಅದು ನಡುರಾತ್ರಿ ಆಗುತ್ತೆ. ಅದಕ್ಕೇ ನಮ್ಮಲ್ಲಿ ಬೆಳಿಗ್ಗೆ ಆರು, ಸಂಜೆ ಆರು ಅಂತ ಇಟ್ಕೊಂಡಿದೀವಿ. ರಾತ್ರಿ ಅಟ್ಟದ ಬಾಗಿಲು ಹಾಕಿ ಗುಂಡನನ್ನ ಅಮ್ಮನ ಕೋಣೆಯಲ್ಲೇ ಮಲಗಿಸ್ತಾರೆ. ಬೇಟೆ ಏನಿದ್ರೂ ಹಗಲು.

ಅಪ್ಪನ ಗ್ಲುಕೋಮೀಟರಲ್ಲೇ ನೋಡಬಹುದು. ಕಿವಿಯ ಅಂಚನ್ನ ಬೆಚ್ಚಗಿನ ಬಟ್ಟೆಯಿಂದ ಒಂದು ನಿಮಿಷ ಹಿಡಿದು, ಹಿಂದೆ ಹತ್ತಿ ಇಟ್ಟು, ಅಂಚಲ್ಲಿ ಚುಚ್ಚಿದ್ರೆ ಒಂದು ಹನಿ ಸಾಕು. ಮನುಷ್ಯರ ಮೀಟರು ಬೆಕ್ಕಿನ ರಕ್ತದಲ್ಲಿ ನಿಜಕ್ಕಿಂತ ಸ್ವಲ್ಪ ಕಡಿಮೆ ತೋರಿಸೋದು ಸಾಮಾನ್ಯ. ಪ್ರಾಣಿಗಳ ಮೀಟರಲ್ಲಿ 60ಕ್ಕಿಂತ ಕೆಳಗೆ ಬಂದ್ರೆ ಲೋ ಅಂತ ಲೆಕ್ಕ. ನಿಮ್ಮ ಮೀಟರಲ್ಲಿ ಯಾವ ಅಂಕಿಗೆ ಎಚ್ಚರಾಗಬೇಕು ಅಂತ ಡಾಕ್ಟರನ್ನ ಕೇಳಿ ಬರೆದಿಟ್ಕೊಳ್ಳಿ. ಆಸ್ಪತ್ರೆಯ ಅಂಕಿ ಮಾತ್ರ ನಂಬ್ಕೊಂಡು ಕೂರೋಕಾಗಲ್ಲ, ಹೆದರಿದ ಬೆಕ್ಕಿನ ಸಕ್ಕರೆ ಅಲ್ಲಿ ಏರಿಬಿಡುತ್ತೆ.

ಆ ಹೊತ್ತಲ್ಲಿ ಮಾಡೋದು

ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಹತ್ತು ಗಂಟೆಗೆ ಅಮ್ಮ ವಿಡಿಯೋ ಕಾಲ್ ಮಾಡಿದ್ರು. ಗುಂಡ ಸಂಜೆ ಉಂಡಿದ್ದ, ಇಂಜೆಕ್ಷನ್ ಆಗಿತ್ತು, ಆಮೇಲೆ ಹಿತ್ತಲಲ್ಲಿ ಎಲ್ಲಾ ಕಕ್ಕಿದ್ದ. "ಮಂಚ ಹತ್ತೋಕೆ ಹೋಗಿ ಬಿದ್ದ ಕಣೇ, ಕಾಲೇ ನಿಲ್ತಿಲ್ಲ." ಕಿವಿ ಚುಚ್ಚಿ ನೋಡಿದ್ರೆ 41. ಅಪ್ಪ ಊರಲ್ಲಿರಲಿಲ್ಲ. ಅಮ್ಮನ ಕೈ ನಡುಗ್ತಿತ್ತು, ಆದ್ರೆ ಫ್ರಿಜ್ ಬಾಗಿಲಿಗೆ ಅಂಟಿಸಿದ್ದ ಚೀಟಿ ಓದ್ತಾ ಓದ್ತಾ ಒಂದೊಂದೇ ಮಾಡಿದ್ರು. ಆ ಚೀಟಿಯಲ್ಲಿ ಇರೋದು ಇಷ್ಟು.

ಒಂದು, ಎಚ್ಚರ ಇದ್ದು ತಿನ್ನೋ ಹಾಗಿದ್ರೆ ಕೂಡಲೇ ಊಟ ಕೊಡಿ, ಮೇಲೆ ಒಂದು ಟೀ ಚಮಚ ಗ್ಲೂಕೋಸ್ ಪುಡಿಯ ಪಾಕವೋ ಜೇನುತುಪ್ಪವೋ ಹಾಕಿ. ಬೇರೆ ದಿನ ಬೇಡ ಅನ್ನೋ ಹಾಲನ್ನ ಈಗ ಬೇಕು.

ಎರಡು, ಎಚ್ಚರ ಇದೆ ಆದ್ರೆ ತಿನ್ನಲ್ಲ ಅಂದ್ರೆ ಅದೇ ಪಾಕವನ್ನ ಬೆರಳ ತುದಿಯಲ್ಲಿ ತಗೊಂಡು ತುಟಿ ಒಳಗೆ, ವಸಡಿಗೆ ಸ್ವಲ್ಪ ಸ್ವಲ್ಪ ಸವರಿ. ನೆಕ್ಕಿ ನುಂಗಲಿ.

ಮೂರು, ಫಿಟ್ಸ್ ಬಂದಿದ್ರೆ, ಪ್ರಜ್ಞೆ ಇಲ್ಲದಿದ್ರೆ ಬಾಯಿಗೆ ಏನನ್ನೂ ಹುಯ್ಯಬೇಡಿ. ಶ್ವಾಸಕೋಶಕ್ಕೆ ಹೋಗುತ್ತೆ. ಮಗ್ಗುಲಾಗಿ ಮಲಗಿಸಿ, ವಸಡಿಗೆ ಚೂರೇ ಚೂರು ಸವರಿ, ಹಲ್ಲಿನ ನಡುವೆ ಬೆರಳು ಬೇಡ, ತಕ್ಷಣ ಡಾಕ್ಟರ ಹತ್ತಿರ ಹೊರಡಿ. ಅಲ್ಲಿ ರಕ್ತನಾಳಕ್ಕೆ ಡೆಕ್ಸ್‌ಟ್ರೋಸ್ ಕೊಡ್ತಾರೆ. ಸವರ್ತಾ ಕೂತು ಹೊತ್ತು ಕಳೀಬೇಡಿ.

ನಾಲ್ಕು, ಹದಿನೈದು ನಿಮಿಷಕ್ಕೆ ಮತ್ತೆ ಕಿವಿ ಚುಚ್ಚಿ ನೋಡಿ. ಏರಿಲ್ಲ ಅಂದ್ರೆ ಮತ್ತೆ ಕೊಡಿ, ಡಾಕ್ಟರಿಗೆ ಫೋನ್ ಮಾಡಿ.

ಐದು, ಎದ್ದು ಓಡಾಡಿದ ಅಂತ ಮಲಗಬೇಡಿ. ಸಕ್ಕರೆ ಬೇಗ ಖಾಲಿಯಾಗುತ್ತೆ, ಗ್ಲಾರ್ಜಿನ್ ಗಂಟೆಗಟ್ಟಲೆ ಕೆಲಸ ಮಾಡ್ತಾನೇ ಇರುತ್ತೆ. ಊಟ ಹೊಟ್ಟೆಗೆ ಹೋಗಬೇಕು, ಗಂಟೆಗೊಮ್ಮೆ ನೋಡ್ತಿರಬೇಕು.

ಆರು, ಡಾಕ್ಟರನ್ನ ಕೇಳದೆ ಮುಂದಿನ ಇಂಜೆಕ್ಷನ್ ಇಲ್ಲ.

ಆ ರಾತ್ರಿ ಹದಿನೈದು ನಿಮಿಷಕ್ಕೆ 58 ಬಂತು, ಒಂದು ಗಂಟೆಗೆ 96. ಡಾಕ್ಟ್ರು ಫೋನಲ್ಲಿ ಬೆಳಗಿನ ಡೋಸ್ ಬಿಡಿ ಅಂದ್ರು, ಆಮೇಲೆ ಪರೀಕ್ಷೆ ಮಾಡಿ ಅರ್ಧಕ್ಕೆ ಇಳಿಸಿದ್ರು. ಮಾರನೇ ದಿನ ಸಕ್ಕರೆ 300 ದಾಟಿದಾಗ ಅಮ್ಮನಿಗೆ ಗಾಬರಿ. ಲೋ ಆದ ಮೇಲೆ, ಅದೂ ಇಂಜೆಕ್ಷನ್ ಬಿಟ್ಟಾಗ, ಸಕ್ಕರೆ ಹೀಗೆ ಏರೋದುಂಟು. ಅದನ್ನ ಇಳಿಸೋಕೆ ಅಂತ ಹೆಚ್ಚು ಇನ್ಸುಲಿನ್ ಕೊಟ್ಟರೆ ಮತ್ತೆ ಅದೇ ಗುಂಡಿಗೆ ಬೀಳ್ತೀವಿ.

ಎಳನೀರು ಕೊಟ್ಟರೆ?

ತೆಂಗಿನ ನಾಡಲ್ಲಿ ಈ ಪ್ರಶ್ನೆ ಬರದೇ ಇರಲ್ಲ. ನಮ್ಮ ಪಕ್ಕದ ತೋಟದ ಅಜ್ಜಿಯೂ ಕೇಳಿದ್ರು. ಎಳನೀರಲ್ಲಿ ಸಕ್ಕರೆ ನೂರಕ್ಕೆ ಐದು ಭಾಗವೂ ಇರೋದು ಕಷ್ಟ. ಒಂದು ಚಮಚ ಎಳನೀರಲ್ಲಿ ಕಾಲು ಗ್ರಾಂ ಸಕ್ಕರೆ ಸಿಕ್ಕರೆ ಹೆಚ್ಚು. ಜೇನುತುಪ್ಪದಲ್ಲಿ ನೂರಕ್ಕೆ ಸುಮಾರು ಎಂಬತ್ತು ಭಾಗ ಸಕ್ಕರೆಯೇ. ಸುಸ್ತಾದ ಬೆಕ್ಕು ನುಂಗೋದೇ ಎರಡು ಮೂರು ಚಮಚ. ಹಾಗಾಗಿ ಎಳನೀರು ನಿಮಗಿರಲಿ, ಬೆಕ್ಕಿಗೆ ಗ್ಲೂಕೋಸ್ ಪುಡಿ ಇರಲಿ. ಅದು ಇಲ್ಲದ ಮನೆಯಲ್ಲಿ ಜೇನು, ಸಕ್ಕರೆ ಪಾಕ, ಬೆಲ್ಲದ ಪಾಕ ಯಾವುದಾದ್ರೂ ಆದೀತು, ಬಿಸಿ ಇರಬಾರದು ಅಷ್ಟೇ. ಶುಗರ್ ಫ್ರೀ ಮಾತ್ರೆ ಬೇಡ, ಅದರಲ್ಲಿ ಸಕ್ಕರೆಯೇ ಇರಲ್ಲ. ಚಾಕೊಲೇಟ್ ಬೇಡವೇ ಬೇಡ, ಅದು ಬೆಕ್ಕಿಗೆ ವಿಷ.

ಮೀಟರ್ ಇಲ್ಲ, ಲೋ ಅನ್ನೋ ಅನುಮಾನ ಮಾತ್ರ ಇದೆ ಅಂದ್ರೂ ಸಕ್ಕರೆ ಕೊಟ್ಟುಬಿಡಿ. ಏರಿರೋ ಬೆಕ್ಕಿಗೆ ಒಂದು ಚಮಚ ಕೊಟ್ಟರೆ ದೊಡ್ಡ ನಷ್ಟ ಇಲ್ಲ. ಇಳಿದಿರೋ ಬೆಕ್ಕಿಗೆ ಕೊಡದಿದ್ರೆ ಉಳಿಯಲ್ಲ. ಇಂಜೆಕ್ಷನ್ ವಿಷಯದಲ್ಲಿ ಲೆಕ್ಕ ಇದರ ಉಲ್ಟಾ. ಕೊಟ್ಟಿದೀವೋ ಇಲ್ಲವೋ ಅಂತ ಅನುಮಾನ ಬಂದ್ರೆ ಕೊಡಬೇಡಿ. ಕ್ಯಾಲೆಂಡರಲ್ಲಿ ಚುಚ್ಚಿದ ಕೂಡಲೇ ಒಂದು ಗೀಟು ಹಾಕೋ ಅಭ್ಯಾಸ ಅಮ್ಮನಿಗೆ ಈಗ ಎಣ್ಣೆ ದೀಪ ಹಚ್ಚಿದಷ್ಟೇ ಸಹಜ.

ದೂರದಲ್ಲಿರೋ ನಾವು ಮಾಡಬಹುದಾದ್ದು

ಊರಲ್ಲಿ ಪಶು ಆಸ್ಪತ್ರೆ ಅಂದ್ರೆ ಹಸು, ಎಮ್ಮೆ, ಕುರಿಗೆ ಮೊದಲ ಜಾಗ, ಅದು ನ್ಯಾಯವೇ. 1962ಕ್ಕೆ ಫೋನ್ ಮಾಡಿದ್ರೆ ಸಂಚಾರಿ ಪಶು ಚಿಕಿತ್ಸಾ ವಾಹನದ ಸಹಾಯ ಇದೆ, ಆದ್ರೆ ನಡುರಾತ್ರಿ ಅದನ್ನೇ ನಂಬ್ಕೊಂಡು ಕೂರಬೇಡಿ. ತಿಪಟೂರಿಂದ ಹಾಸನದ ಪಶುವೈದ್ಯಕೀಯ ಕಾಲೇಜು, ಬೆಂಗಳೂರಿನ ಹೆಬ್ಬಾಳದ ಕಾಲೇಜು ಎರಡೂ ದೂರವೇ. ಬೆಂಗಳೂರು ಸೇರೋಕೆ ಬಿ.ಎಚ್. ರಸ್ತೆಯಲ್ಲಿ ಮೂರು ಗಂಟೆ ಬೇಕು. ಮೊದಲ ಹದಿನೈದು ನಿಮಿಷ ಮನೆಯವರ ಕೈಯಲ್ಲೇ ಇರೋದು. ರಾತ್ರಿ ಫೋನ್ ಎತ್ತೋ ಡಾಕ್ಟರ ನಂಬರ್, ಕರೆದ್ರೆ ಬರೋ ಆಟೋದವರ ನಂಬರ್ ಮೊದಲೇ ಕೇಳಿ ಇಟ್ಕೊಳ್ಳಿ.

ಈ ಭಾನುವಾರ ಊರಿಗೆ ಹೋದಾಗ ಮೂರು ಕೆಲಸ ಮಾಡಿ. ಡಾಕ್ಟರನ್ನ ಕೇಳಿ ಎಚ್ಚರದ ಅಂಕಿ, ಕೊಡಬೇಕಾದ ಪ್ರಮಾಣ, ಫೋನ್ ನಂಬರುಗಳನ್ನ ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ. ಗ್ಲೂಕೋಸ್ ಪುಡಿ, ಹತ್ತಿ, ಸೂಜಿ, ಮೀಟರಿನ ಸ್ಟ್ರಿಪ್ ಎಲ್ಲಾ ಒಂದೇ ಡಬ್ಬಿಗೆ ಹಾಕಿ. ಆಮೇಲೆ ಅಮ್ಮನೋ ಅಪ್ಪನೋ ಒಂದು ಸಲ ಸುಮ್ಮನೆ ಅಭ್ಯಾಸಕ್ಕೆ ಚೀಟಿ ಓದಿ, ಡಬ್ಬಿ ತೆಗೆದು, ಬೆಕ್ಕಿನ ವಸಡು ಮುಟ್ಟಿ ನೋಡಲಿ. ಬೆಕ್ಕು ಬೈಯುತ್ತೆ, ಬೈಯಲಿ. ಫೋನ್ ಸಿಗ್ನಲ್ ಇಲ್ಲದ ರಾತ್ರಿ ನಮ್ಮ ಬದಲು ಮಾತಾಡೋದು ಆ ಚೀಟಿ ಮಾತ್ರ.